ದುಂಡು ಮೇಜಿನ ಸಮಾನತೆ, ಗೋಡೆಯೊಳಗಿನ ಬಾಟಲಿ: ಥಾಮಸ್ ಜೆಫರ್ಸನ್ ಕಲಿಸಿದ ವೈನ್ ಶಿಷ್ಟಾಚಾರ

1803ರ ಡಿಸೆಂಬರ್ 2. ವಾಷಿಂಗ್ಟನ್ ಇನ್ನೂ ಊರು ಅನ್ನಿಸಿಕೊಂಡಿರಲಿಲ್ಲ. ಎಲ್ಲೆಡೆ ಕೆಸರು, ಅರ್ಧಂಬರ್ಧ ಎದ್ದ ಕಟ್ಟಡಗಳು, ನಡುವೆ ಅಧ್ಯಕ್ಷರ ಮನೆ. ಬ್ರಿಟನ್ನಿನ ಹೊಸ ರಾಯಭಾರಿ ಆಂಥನಿ ಮೆರಿ ಹೆಂಡತಿಯ ಜೊತೆ ಅಲ್ಲಿಗೆ ಊಟಕ್ಕೆ ಬಂದಿದ್ದ. ಔತಣ ತನ್ನ ಗೌರವಕ್ಕೇ ಅಂತ ಆತ ತಿಳಿದಿದ್ದ. ಯೂರೋಪಿನ ರಿವಾಜಿನ ಪ್ರಕಾರ ಮನೆಯ ಯಜಮಾನ ಮೆರಿಯ ಹೆಂಡತಿಗೆ ತೋಳು ಕೊಟ್ಟು ಮೇಜಿಗೆ ಕರೆದೊಯ್ಯಬೇಕು, ಮಿಕ್ಕವರು ದರ್ಜೆಯ ಪ್ರಕಾರ ಹಿಂದೆ ಬರಬೇಕು. ಅಧ್ಯಕ್ಷ ಥಾಮಸ್ ಜೆಫರ್ಸನ್ ಹಾಗೆ ಮಾಡಲಿಲ್ಲ. ಪಕ್ಕದಲ್ಲಿದ್ದ ತನ್ನ ಮಂತ್ರಿಯ ಹೆಂಡತಿ ಡಾಲಿ ಮ್ಯಾಡಿಸನ್‌ಗೆ ತೋಳು ಕೊಟ್ಟು ನಡೆದೇಬಿಟ್ಟ. ಮೆರಿ ಒಂದು ಒಳ್ಳೆಯ ಕುರ್ಚಿ ಹುಡುಕಿಕೊಂಡು, ಸ್ಪೇನ್ ರಾಯಭಾರಿಯ ಹೆಂಡತಿಯ ಪಕ್ಕ ಇನ್ನೇನು ಕೂರಬೇಕು, ಅಷ್ಟರಲ್ಲಿ ಕಾಂಗ್ರೆಸ್ಸಿನ ಸದಸ್ಯನೊಬ್ಬ ಆತನನ್ನು ದಾಟಿ ಮುನ್ನುಗ್ಗಿ ಆ ಜಾಗ ಹಿಡಿದ. ಸಾಲದ್ದಕ್ಕೆ, ಬ್ರಿಟನ್ ಜೊತೆ ಯುದ್ಧದಲ್ಲಿದ್ದ ಫ್ರಾನ್ಸಿನ ಪ್ರತಿನಿಧಿಯೂ ಅದೇ ಮೇಜಿನಲ್ಲಿದ್ದ.

ಮೆರಿ ಸಿಟ್ಟಿನಿಂದ ಲಂಡನ್ನಿಗೆ ಬರೆದ. ಊಟದ ಮೇಜಿನ ಜಗಳ ಎರಡು ದೇಶಗಳ ವಿದೇಶಾಂಗ ಕಚೇರಿಗಳವರೆಗೆ ಹೋಯಿತು. ಜೆಫರ್ಸನ್ ಜಗ್ಗಲಿಲ್ಲ. ಬದಲಿಗೆ ಶಿಷ್ಟಾಚಾರದ ನಿಯಮಗಳನ್ನೇ ಬರೆದಿಟ್ಟ: ಸಮಾಜದಲ್ಲಿ ಒಟ್ಟಿಗೆ ಸೇರಿದಾಗ ಎಲ್ಲರೂ ಸಮಾನರು, ದೇಶದವರಾಗಲಿ ಪರದೇಶದವರಾಗಲಿ, ಹುದ್ದೆ ಇರಲಿ ಬಿಡಲಿ, ಕುರ್ಚಿ ಯಾರದು ಅನ್ನೋದು ಮೊದಲು ಕೂತವರ ಮೇಲೆ. ಈ ಪದ್ಧತಿಗೆ ಪೆಲ್‌ಮೆಲ್ ಅಂತ ಹೆಸರು ಬಿತ್ತು. ನಮ್ಮ ಮಾತಿನಲ್ಲಿ ಹೇಳೋದಾದರೆ, ಬಸ್ಸಿಗೆ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಇಷ್ಟನ್ನು ಓದಿದರೆ ಯಾರಿಗಾದರೂ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟುತ್ತೆ. ಹುಟ್ಟಲಿ. ಆದರೆ ಆ ಮನೆಯ ಅಡುಗೆಕೋಣೆಯಲ್ಲಿ ಆವತ್ತು ಯಾರಿದ್ದರು ಅಂತಲೂ ನೋಡಬೇಕಾಗುತ್ತದೆ. ಅಮೆರಿಕಕ್ಕೆ ವೈನ್ ಕುಡಿಯುವುದನ್ನು, ವೈನ್ ಆರಿಸುವುದನ್ನು, ವೈನ್ ಮುಂದಿಟ್ಟುಕೊಂಡು ಹೇಗೆ ಕೂರಬೇಕು ಅನ್ನುವುದನ್ನು ಈತನಷ್ಟು ಆಸ್ಥೆಯಿಂದ ಕಲಿಸಿದ ರಾಜಕಾರಣಿ ಇನ್ನೊಬ್ಬನಿಲ್ಲ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಮನುಷ್ಯರನ್ನು ತನ್ನ ಆಸ್ತಿಯಾಗಿ ಇಟ್ಟುಕೊಂಡವನೂ ಈತನೇ.

ಗ್ಲಾಸು ಹಿಡಿಯುವ ಕೈ

ಮೊದಲು ಆ ಕಾಲದ ಮೇಜನ್ನು ಸ್ವಲ್ಪ ನೋಡೋಣ. ಇವತ್ತು ವೈನ್ ಟೇಸ್ಟಿಂಗಿಗೆ ಹೋದರೆ ಮೊದಲ ಪಾಠ, ಗ್ಲಾಸನ್ನು ಕಡ್ಡಿಯಲ್ಲಿ ಹಿಡಿಯಿರಿ, ಬಟ್ಟಲನ್ನು ಮುಟ್ಟಬೇಡಿ. ಅಂಗೈ ಬಿಸಿಗೆ ವೈನ್ ಕಾಯುತ್ತದೆ, ಗಾಜಿನ ಮೇಲೆ ಬೆರಳಚ್ಚು ಬೀಳುತ್ತದೆ, ಬಣ್ಣ ಕಾಣುವುದಿಲ್ಲ. ಕಾರಣವೇನೋ ಸರಿಯಾಗಿಯೇ ಇದೆ. ಆದರೆ ನಿಯಮ ಹುಟ್ಟಿದ್ದು ಉಷ್ಣತೆಯಿಂದ ಮಾತ್ರ ಅಲ್ಲ. ಹದಿನೆಂಟನೇ ಶತಮಾನದ ಗ್ಲಾಸುಗಳು ಈಗಿನವುಗಳ ಮುಂದೆ ತೀರಾ ಪುಟ್ಟವು, ನಾಲ್ಕು ಗುಟುಕಿಗೆ ಮುಗಿಯುವಂಥವು. ಆಗಿನ ದೊಡ್ಡ ಮನುಷ್ಯರು ಕಡ್ಡಿಗಿಂತಲೂ ಕೆಳಗೆ, ಬುಡದ ಬಿಲ್ಲೆಯನ್ನೇ ಹೆಬ್ಬೆರಳು ಮತ್ತು ಬೆರಳತುದಿಗಳ ನಡುವೆ ಹಿಡಿಯುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಇದು ಕಾಣುತ್ತದೆ. ಡಚ್ ಕಲಾವಿದ ಗೆರಾರ್ಡ್ ಡಿ ಲೈರೆಸ್ 1707ರಲ್ಲಿ ಪ್ರಕಟಿಸಿದ ಚಿತ್ರಕಲೆಯ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಪಾಠವಿದೆ: ರೈತನನ್ನು ಬರೆಯುವಾಗ ಗ್ಲಾಸನ್ನು ಇಡೀ ಮುಷ್ಟಿಯಲ್ಲಿ ಹಿಡಿಸು, ಕುಲೀನರನ್ನು ಬರೆಯುವಾಗ ಬೆರಳತುದಿಯಲ್ಲಿ ಹಿಡಿಸು ಅಂತ. ಅಂದರೆ ಮುಖ ನೋಡುವುದಕ್ಕೆ ಮುಂಚೆ ಕೈ ನೋಡಿ ಜನರ ಅಂತಸ್ತು ಹೇಳಿಬಿಡಬಹುದು. ಲೋಟ ನೋಡಿ ಜಾತಿ ಗುರುತಿಸುವ ನಾಡಿನಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ. ಆಗ ಶ್ರೀಮಂತರ ಮನೆಗಳಲ್ಲಿ ವೈನ್ ಗ್ಲಾಸು ಬಹುಕಾಲ ಮೇಜಿನ ಮೇಲೆ ಇರುತ್ತಲೇ ಇರಲಿಲ್ಲ. ಗೋಡೆ ಬದಿಯ ಮೇಜಿನಲ್ಲಿ ಇರುತ್ತಿತ್ತು. ನೀವು ಸನ್ನೆ ಮಾಡಿದರೆ ಆಳು ತುಂಬಿ ತರುತ್ತಿದ್ದ, ಕುಡಿದು ಮುಗಿಸಿ ವಾಪಸ್ ಕೊಟ್ಟರೆ ತೊಳೆದಿಡುತ್ತಿದ್ದ. ಅಂದರೆ ಬುಡದಲ್ಲಿ ಹಿಡಿಯುವ ಆ ನಾಜೂಕು ಕೈಗೆ ಕುರ್ಚಿಯ ಹಿಂದೆ ನಿಂತ ಇನ್ನೊಂದು ಕೈ ಬೇಕೇ ಬೇಕು.

ಇಂಗ್ಲಿಷರ ಊಟದಲ್ಲಿ ಇದಕ್ಕಿಂತ ದೊಡ್ಡ ಕಾಟ ಟೋಸ್ಟಿನದು. ಊಟ ಮುಗಿದು ಮೇಜಿನ ಹಾಸು ತೆಗೆದ ಮೇಲೆ ಒಬ್ಬೊಬ್ಬರ ಹೆಸರು ಹೇಳಿ ಅವರ ಆರೋಗ್ಯಕ್ಕೆಂದು ಕುಡಿಯಬೇಕು. ಒಲ್ಲೆ ಅಂದರೆ ಅವಮಾನ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ಮೇಜಿನ ಸುತ್ತ ಇದ್ದ ಒಬ್ಬೊಬ್ಬರ ಹೆಸರನ್ನೂ ಹಿಡಿದು ಗಂಭೀರವಾಗಿ ಹೀಗೆ ಕುಡಿಯುತ್ತಿದ್ದ, ಮಿಕ್ಕವರೆಲ್ಲ ಅದನ್ನೇ ಮಾಡುತ್ತಿದ್ದರು. ಆ ಊಟಕ್ಕೆ ಹೋಗಿದ್ದ ಸೆನೆಟರ್ ಒಬ್ಬ ಬೇಸತ್ತು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಹೊರಗೆ ಸಾರ್ವಜನಿಕ ಔತಣಗಳಲ್ಲಿ ಟೋಸ್ಟ್ ಅಂದರೆ ಪ್ರಣಾಳಿಕೆಯೇ. ಜುಲೈ 4ರ ಹಬ್ಬದಲ್ಲಿ 13 ರಾಜ್ಯಗಳಿಗೆ 13 ಟೋಸ್ಟ್. ಯಾರ ಹೆಸರು ಬಂತು, ಯಾರದು ಬಿಟ್ಟುಹೋಯಿತು ಅಂತ ಮರುದಿನ ಪತ್ರಿಕೆಯಲ್ಲಿ ನೋಡಿ ಜನ ಪಕ್ಷ ಲೆಕ್ಕ ಹಾಕುತ್ತಿದ್ದರು.

ಜೆಫರ್ಸನ್ ತನ್ನ ಮೇಜಿನಲ್ಲಿ ಈ ಟೋಸ್ಟನ್ನು ನಿಲ್ಲಿಸಿದ. ಬೇಕಾದವರು ಬೇಕಾದಷ್ಟು ಕುಡಿಯಲಿ, ಬೇಡದವರು ಬಿಡಲಿ. ತಲೆ ಬಾಗಿಸಿ ನಮಿಸುವ ಪದ್ಧತಿಯ ಬದಲು ಕೈ ಕುಲುಕಿದ. ಮೇಲ್ತುದಿ ಕೆಳತುದಿ ಇರದ ದುಂಡು ಮೇಜು ಹಾಕಿಸಿದ. ನನ್ನ ಮಟ್ಟಿಗೆ ಇವು ಸಣ್ಣ ಸುಧಾರಣೆಗಳಲ್ಲ. ಕುಡಿಯಲೇಬೇಕು ಅನ್ನುವ ಒತ್ತಾಯ ಇವತ್ತಿಗೂ ಎಷ್ಟು ಆಫೀಸು ಪಾರ್ಟಿಗಳಲ್ಲಿ ನಡೆಯುತ್ತಿದೆ ಅಂತ ನೆನಪಿಸಿಕೊಳ್ಳಿ.

ಮುರಿದ ಮಣಿಕಟ್ಟು, ಬರ್ಗಂಡಿಯ ರೊಟ್ಟಿ

ಈ ರುಚಿ ಆತನಿಗೆ ಹುಟ್ಟಿನಿಂದ ಬಂದದ್ದಲ್ಲ. 1743ರಲ್ಲಿ ವರ್ಜೀನಿಯಾದ ಗಡಿಭಾಗದಲ್ಲಿ ಹುಟ್ಟಿದ. ತಂದೆ ಜಮೀನುದಾರ, ಮಗನಿಗೆ ಹದಿನಾಲ್ಕು ತುಂಬಿದ್ದಾಗ ತೀರಿಕೊಂಡ. ವಿಲಿಯಮ್ಸ್‌ಬರ್ಗಿನಲ್ಲಿ ಓದುವಾಗ ಗವರ್ನರ್ ಫ್ರಾನ್ಸಿಸ್ ಫಾಕಿಯರ್‌ನ ಮೇಜಿಗೆ ಈ ಹುಡುಗನಿಗೆ ಕರೆ ಬರುತ್ತಿತ್ತು. ಗುರು ವಿಲಿಯಂ ಸ್ಮಾಲ್, ವಕೀಲ ಜಾರ್ಜ್ ವೈತ್, ಗವರ್ನರ್, ಮತ್ತು ಈತ. ಒಳ್ಳೆಯ ಮಾತು ಮತ್ತು ಒಳ್ಳೆಯ ಊಟ ಒಂದೇ ಕಡೆ ಇರಬಹುದು ಅಂತ ಅಲ್ಲಿ ಗೊತ್ತಾಯಿತು. ಆಗ ವರ್ಜೀನಿಯಾದ ಜಮೀನುದಾರರು ಕುಡಿಯುತ್ತಿದ್ದದ್ದು ಮುಖ್ಯವಾಗಿ ಮಡೀರಾ, ಮದ್ಯಸಾರ ಬೆರೆಸಿದ ಗಟ್ಟಿ ವೈನ್.

1773ರಲ್ಲಿ ಇಟಲಿಯ ಫಿಲಿಪ್ ಮಾಜೆಯಿ ದ್ರಾಕ್ಷಿ ಬಳ್ಳಿ ಬೆಳೆಸುವ ಕನಸು ಹೊತ್ತು ಬಂದಾಗ ಜೆಫರ್ಸನ್ ಆತನನ್ನು ತನ್ನ ಮಾಂಟಿಚೆಲ್ಲೊ ಗುಡ್ಡದ ಪಕ್ಕದಲ್ಲೇ ನೆಲೆಗೊಳಿಸಿದ. ಯುದ್ಧ ಬಂತು, ಮಾಜೆಯಿ ಯೂರೋಪಿಗೆ ಹೋದ, ಆತನ ಜಮೀನನ್ನು ಬಾಡಿಗೆಗೆ ಪಡೆದ ಜರ್ಮನ್ ಸೇನಾಧಿಕಾರಿಯ ಕುದುರೆಗಳು ಬಳ್ಳಿಗಳನ್ನು ತುಳಿದು ಹಾಕಿದವು. ಮುಂದೆಯೂ ಜೆಫರ್ಸನ್ ಮತ್ತೆ ಮತ್ತೆ ಯೂರೋಪಿನ ಬಳ್ಳಿ ತರಿಸಿ ನೆಟ್ಟ. ಒಂದೂ ಉಳಿಯಲಿಲ್ಲ. ಅಮೆರಿಕದ ಮಣ್ಣಿನಲ್ಲೇ ಇದ್ದ, ಬೇರು ತಿನ್ನುವ ಫಿಲಾಕ್ಸೆರಾ ಅನ್ನುವ ಕೀಟ ಮತ್ತು ಅಲ್ಲಿನ ಬೂಷ್ಟುರೋಗಗಳಿಗೆ ಆ ಬಳ್ಳಿಗಳಲ್ಲಿ ತಡೆಯಿರಲಿಲ್ಲ ಅನ್ನೋದು ಗೊತ್ತಾಗುವ ಹೊತ್ತಿಗೆ ಆತ ಸತ್ತು ದಶಕಗಳಾಗಿದ್ದವು.

1776ರ ಸ್ವಾತಂತ್ರ್ಯ ಘೋಷಣೆ, ಅದರ ಕರಡಿನಲ್ಲಿ ಗುಲಾಮ ವ್ಯಾಪಾರವನ್ನು ಖಂಡಿಸಿದ್ದ ಭಾಗವನ್ನು ಕಾಂಗ್ರೆಸ್ ಹೊಡೆದು ಹಾಕಿದ್ದು, ಆಮೇಲೆ ಗವರ್ನರ್‌ಗಿರಿ, ಇವೆಲ್ಲ ನಿಮಗೆ ಗೊತ್ತಿರುವುದೇ. 1782ರಲ್ಲಿ ಹೆಂಡತಿ ಮಾರ್ಥಾ ಸತ್ತಳು. 1784ರಲ್ಲಿ ಜೆಫರ್ಸನ್ ಪ್ಯಾರಿಸ್ಸಿಗೆ ಹೊರಟ. ಜೊತೆಗೆ ದೊಡ್ಡ ಮಗಳು ಮತ್ತು 19 ವರ್ಷದ ಜೇಮ್ಸ್ ಹೆಮಿಂಗ್ಸ್. ಜೇಮ್ಸ್ ಗುಲಾಮ. ಜೊತೆಗೆ, ತೀರಿಹೋದ ಮಾರ್ಥಾಳ ತಂದೆ ಜಾನ್ ವೇಲ್ಸ್‌ಗೆ ಗುಲಾಮ ಹೆಂಗಸೊಬ್ಬಳಲ್ಲಿ ಹುಟ್ಟಿದ ಮಗ. ಅಂದರೆ ಜೆಫರ್ಸನ್ ತನ್ನ ಭಾವಮೈದುನನನ್ನು ಆಸ್ತಿಯಾಗಿ ಕರೆದುಕೊಂಡು ಹೋಗಿದ್ದ, ಫ್ರೆಂಚ್ ಅಡುಗೆ ಕಲಿಸಿ ವಾಪಸ್ ತರೋದಕ್ಕೆ.

ಪ್ಯಾರಿಸ್ಸಿನಲ್ಲಿ 1786ರ ಸೆಪ್ಟೆಂಬರಿನಲ್ಲಿ ಜೆಫರ್ಸನ್ ಎಲ್ಲೋ ಬಿದ್ದು ಬಲ ಮಣಿಕಟ್ಟು ತಪ್ಪಿಸಿಕೊಂಡ. ವೈದ್ಯರು ಸರಿಯಾಗಿ ಕೂರಿಸಲಿಲ್ಲ. ತಿಂಗಳುಗಟ್ಟಲೆ ಎಡಗೈಯಲ್ಲಿ ಬರೆದ, ಆ ಕೈ ಜೀವನಪೂರ್ತಿ ಮೊದಲಿನಂತಾಗಲಿಲ್ಲ. ಚಿಕಿತ್ಸೆಗೆ ದಕ್ಷಿಣದ ಎಕ್ಸ್ ಊರಿನ ಖನಿಜ ನೀರಿನಲ್ಲಿ ಕೈ ಅದ್ದಬೇಕು ಅನ್ನುವ ಸಲಹೆ ಬಂತು. 1787ರ ಫೆಬ್ರವರಿ ಕೊನೆಯಲ್ಲಿ ಹೊರಟ. ಕೈ ಒಂದು ನೆಪ ಅಂತ ಅನುಮಾನಿಸಲು ಕಾರಣವಿದೆ: ನೇರ ದಾರಿ ಬಿಟ್ಟು ಮೊದಲು ಬರ್ಗಂಡಿಯ ದ್ರಾಕ್ಷಿತೋಟಗಳ ಕಡೆ ತಿರುಗಿದ. ಮೂರು ತಿಂಗಳಿಗೂ ಹೆಚ್ಚು ಕಾಲ ಫ್ರಾನ್ಸಿನ ದಕ್ಷಿಣ, ಉತ್ತರ ಇಟಲಿ, ಬೋರ್ಡೋ ಎಲ್ಲ ಸುತ್ತಿ ಬಂದ. ಮರುವರ್ಷ ರೈನ್ ನದಿಯ ದಂಡೆ, ಶಾಂಪೇನ್ ಪ್ರಾಂತ. ಆತ ಬರೆದಿಟ್ಟುಕೊಂಡ ಟಿಪ್ಪಣಿಗಳು ಇವತ್ತಿಗೂ ವೈನ್ ಚರಿತ್ರೆಕಾರರಿಗೆ ಚಿನ್ನ. ಬೋರ್ಡೋದಲ್ಲಿ ಮಾರ್ಗೋ, ಲಾತೂರ್, ಓ ಬ್ರಿಯೋನ್, ಲಫೀತ್ ಈ ನಾಲ್ಕನ್ನು ಮೊದಲ ದರ್ಜೆ ಅಂತ ಗುರುತು ಮಾಡಿಕೊಂಡ. 1855ರಲ್ಲಿ ಫ್ರೆಂಚರು ಅಧಿಕೃತ ದರ್ಜೆಪಟ್ಟಿ ಮಾಡಿದಾಗ ಮೇಲಿದ್ದವೂ ಇದೇ ನಾಲ್ಕು.

ನನಗೆ ಆ ಟಿಪ್ಪಣಿಗಳಲ್ಲಿ ಹಿಡಿಸಿದ್ದು ಬೇರೆಯೇ ಸಾಲುಗಳು. ಬರ್ಗಂಡಿಯಲ್ಲಿ ಕೆಂಪು ವೈನ್ ಮಾಡುವ ಪೊಮಾರ್ ಮತ್ತು ವೊಲ್ನೆ ಹಳ್ಳಿಗಳಲ್ಲಿ ರೈತರು ಗೋಧಿ ರೊಟ್ಟಿ ತಿನ್ನುತ್ತಾರೆ, ಪಕ್ಕದ ಮ್ಯರ್ಸೋದಲ್ಲಿ ರೈ ಧಾನ್ಯದ ರೊಟ್ಟಿ. ಯಾಕೆ ಅಂತ ವಿಚಾರಿಸಿದ. ಮ್ಯರ್ಸೋದವರು ಬಿಳಿ ವೈನ್ ಮಾಡುತ್ತಾರೆ, ಅದಕ್ಕೆ ಮಾರುಕಟ್ಟೆ ಕಮ್ಮಿ. ಗ್ಲಾಸಿನ ಬಣ್ಣಕ್ಕೂ ತಟ್ಟೆಯ ರೊಟ್ಟಿಗೂ ಇರುವ ಸಂಬಂಧವನ್ನು ಹೀಗೆ ಒಂದೇ ನೋಟಕ್ಕೆ ಹಿಡಿದ ರಾಜತಾಂತ್ರಿಕರು ಎಷ್ಟು ಮಂದಿ ಇದ್ದಾರೆ? ಅದೇ ಪ್ರವಾಸದಿಂದ ಗೆಳೆಯ ಲಾಫಯೆಟ್‌ಗೆ ಬರೆದ ಕಾಗದದಲ್ಲಿ, ಜನರ ಸ್ಥಿತಿ ತಿಳಿಯಬೇಕಾದರೆ ಗುರುತು ಮರೆಸಿಕೊಂಡು ಅವರ ಗುಡಿಸಲಿಗೆ ಹೋಗು, ಪಾತ್ರೆಯೊಳಗೆ ಇಣುಕು, ಅವರ ರೊಟ್ಟಿ ತಿಂದು ನೋಡು, ಹಾಸಿಗೆ ಮೆತ್ತಗಿದೆಯೋ ಇಲ್ಲವೋ ಅಂತ ಒರಗಿ ನೋಡು ಅಂತ ಸಲಹೆ ಕೊಟ್ಟ. ಮಾಂಟಿಚೆಲ್ಲೊದಲ್ಲಿ ತನ್ನ ಮನೆಯಿಂದ ಕೂಗಳತೆಯಲ್ಲಿದ್ದ ಮಲ್ಬೆರಿ ರೋ ಸಾಲಿನ ಗುಡಿಸಲುಗಳ ಪಾತ್ರೆಗಳಲ್ಲಿ ಏನು ಬೇಯುತ್ತಿತ್ತು ಅನ್ನೋದು ಆತನಿಗೆ ಇಣುಕದೆಯೇ ಗೊತ್ತಿತ್ತು. ವಾರದ ಪಡಿಯ ಲೆಕ್ಕ ಬರೆಯುತ್ತಿದ್ದವನು ಆತನೇ.

ಜೇಮ್ಸ್ ಕೇಳಿದ ಒಂದು ಕಾಗದ

ಜೇಮ್ಸ್ ಹೆಮಿಂಗ್ಸ್ ಪ್ಯಾರಿಸ್ಸಿನ ಅಡುಗೆಮನೆಗಳಲ್ಲಿ ಪಳಗಿ, ಜೆಫರ್ಸನ್ ಇದ್ದ ಶಾಂಜೆಲಿಜೆಯ ಮನೆಗೆ ಮುಖ್ಯ ಬಾಣಸಿಗನಾದ. ಸಂಬಳವೂ ಇತ್ತು. 1787ರಲ್ಲಿ ಆತನ ತಂಗಿ, 14ರ ಸ್ಯಾಲಿ ಹೆಮಿಂಗ್ಸ್ ಕೂಡ ಜೆಫರ್ಸನ್‌ನ ಕಿರಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದಳು. ಮುಂದೆ ಸ್ಯಾಲಿಗೆ ಹುಟ್ಟಿದ ಮಕ್ಕಳ ತಂದೆ ಜೆಫರ್ಸನ್ ಅನ್ನುವುದನ್ನು ಬಹುಪಾಲು ಇತಿಹಾಸಕಾರರು ಈಗ ಒಪ್ಪುತ್ತಾರೆ. 1998ರ ಡಿಎನ್‌ಎ ಪರೀಕ್ಷೆಯ ನಂತರ ಮಾಂಟಿಚೆಲ್ಲೊವನ್ನು ನೋಡಿಕೊಳ್ಳುವ ಸಂಸ್ಥೆಯೂ ಒಪ್ಪಿತು. ಫ್ರಾನ್ಸಿನ ನ್ಯಾಯಾಲಯಕ್ಕೆ ಹೋಗಿದ್ದರೆ ಅಣ್ಣ ತಂಗಿ ಇಬ್ಬರಿಗೂ ಬಿಡುಗಡೆ ಸಿಗುವ ಸಾಧ್ಯತೆ ಇತ್ತು. ಇಬ್ಬರೂ 1789ರಲ್ಲಿ ವಾಪಸ್ ಬಂದರು.

1790ರ ಜೂನ್‌ನಲ್ಲಿ ನ್ಯೂಯಾರ್ಕಿನ ಜೆಫರ್ಸನ್ ಮನೆಯಲ್ಲಿ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಊಟಕ್ಕೆ ಕೂತರು. ರಾಜ್ಯಗಳ ಯುದ್ಧಸಾಲವನ್ನು ಕೇಂದ್ರ ಹೊರುವುದು, ಬದಲಿಗೆ ರಾಜಧಾನಿ ದಕ್ಷಿಣದ ಪೊಟೋಮ್ಯಾಕ್ ದಂಡೆಗೆ ಹೋಗುವುದು, ಈ ಕೊಡುಕೊಳ್ಳುವಿಕೆ ಆ ಮೇಜಿನಲ್ಲಿ ಕುದುರಿತು ಅಂತ ಜೆಫರ್ಸನ್ ಆಮೇಲೆ ಬರೆದ. ಅಡುಗೆ ಜೇಮ್ಸ್‌ನದೇ ಇರಬೇಕು. ಆ ವರ್ಷವೇ ಜೆಫರ್ಸನ್ ತನಗೂ ಅಧ್ಯಕ್ಷ ವಾಷಿಂಗ್ಟನ್‌ಗೂ ಸೇರಿಸಿ ಫ್ರಾನ್ಸಿನಿಂದ ವೈನ್ ತರಿಸಿದ. ವ್ಯಾಪಾರಿಗಳು ಬೆರಕೆ ಮಾಡುತ್ತಾರೆ ಅನ್ನುವ ಅನುಮಾನಕ್ಕೆ, ಸೀದಾ ತೋಟದ ಮಾಲೀಕರಿಂದ, ಅಲ್ಲೇ ಬಾಟಲಿಗೆ ತುಂಬಿಸಿ, ಪೆಟ್ಟಿಗೆಗಳ ಮೇಲೆ ಇಬ್ಬರ ಹೆಸರಿನ ಮೊದಲಕ್ಷರ ಹಾಕಿ ಕಳಿಸಿ ಅಂತ ಬರೆದ.

1793ರಲ್ಲಿ ಜೇಮ್ಸ್‌ಗೆ ಒಂದು ಕರಾರುಪತ್ರ ಸಿಕ್ಕಿತು: ತನ್ನ ಜಾಗಕ್ಕೆ ಇನ್ನೊಬ್ಬನನ್ನು ಅಡುಗೆಯಲ್ಲಿ ತಯಾರು ಮಾಡಿಕೊಟ್ಟರೆ ಬಿಡುಗಡೆ. ಜೇಮ್ಸ್ ತನ್ನ ತಮ್ಮ ಪೀಟರ್‌ಗೆ ಎಲ್ಲ ಕಲಿಸಿದ. ಒಬ್ಬನ ಬಿಡುಗಡೆಗೆ ಇನ್ನೊಬ್ಬ ಒಡಹುಟ್ಟಿದವನು ಆ ಒಲೆಯ ಮುಂದೆ ನಿಲ್ಲಬೇಕಾಯಿತು. 1796ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಹೊರಡುವ ಮುನ್ನ ಅಡುಗೆಮನೆಯ ಪಾತ್ರೆಪಗಡೆಗಳ ಪಟ್ಟಿಯನ್ನು ತನ್ನ ಕೈಯಾರೆ ಬರೆದಿಟ್ಟ. ಚಂದದ ಅಕ್ಷರ, ಆ ಹಾಳೆ ಈಗಲೂ ಇದೆ.

1801ರಲ್ಲಿ ಜೆಫರ್ಸನ್ ಅಧ್ಯಕ್ಷನಾದಾಗ ಬಾಣಸಿಗನಾಗಿ ಬಾ ಅಂತ ಬೇರೆಯವರ ಮೂಲಕ ಹೇಳಿ ಕಳಿಸಿದ. ಜೇಮ್ಸ್ ಒಂದೇ ಒಂದು ಷರತ್ತು ಹಾಕಿದ: ಕೆಲಸದ ಕರಾರು ಏನು, ಸಂಬಳ ಎಷ್ಟು ಅನ್ನೋದನ್ನು ಜೆಫರ್ಸನ್ ಸ್ವಂತ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಕಳಿಸಲಿ. ಜೀವಮಾನದಲ್ಲಿ ಸುಮಾರು 19,000 ಕಾಗದ ಬರೆದ ಆ ಕೈ ಈ ಒಂದು ಕಾಗದ ಬರೆಯಲಿಲ್ಲ. ಫ್ರೆಂಚ್ ಬಾಣಸಿಗ ಒನೊರೆ ಜೂಲಿಯನ್ ಆ ಕೆಲಸಕ್ಕೆ ಬಂದ. ಅದೇ ವರ್ಷ ಜೇಮ್ಸ್ ಮಾಂಟಿಚೆಲ್ಲೊದಲ್ಲಿ ಕೆಲವು ವಾರ ಅಡುಗೆ ಮಾಡಿ ಬಾಲ್ಟಿಮೋರಿಗೆ ಹೋದ. ಅಲ್ಲಿ ಪ್ರಾಣ ಕಳೆದುಕೊಂಡ ಅನ್ನುವ ಸುದ್ದಿ ಬಂತು. 36 ವರ್ಷ. ಶಿಷ್ಟಾಚಾರದ ನಿಯಮಗಳನ್ನು ಜೆಫರ್ಸನ್ ಬರೆದದ್ದು ಇದಾಗಿ ಎರಡು ವರ್ಷಕ್ಕೆ.

ಮೂಕ ಆಳು

ಅಧ್ಯಕ್ಷನ ಸಂಬಳ ವರ್ಷಕ್ಕೆ 25,000 ಡಾಲರ್, ಮನೆಯ ಖರ್ಚೆಲ್ಲ ಅದರಲ್ಲೇ. ಎಂಟು ವರ್ಷದಲ್ಲಿ ವೈನಿಗೇ 10,000 ಡಾಲರ್ ಮೇಲೆ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಶಾಂಪೇನಿನ ಲೆಕ್ಕ ಹಾಕಿದ್ದಾನೆ: 651 ಅತಿಥಿಗಳು, 207 ಬಾಟಲಿ, ಅಂದರೆ ಮೂರು ಚಿಲ್ಲರೆ ಜನಕ್ಕೆ ಒಂದು ಬಾಟಲಿ, ಆದ್ದರಿಂದ ವರ್ಷಕ್ಕೆ ಇಷ್ಟು ದಾಸ್ತಾನು ಬೇಕು. ಊಟವೇ ಆತನ ರಾಜಕೀಯ ಕಚೇರಿ. ಕಾಂಗ್ರೆಸ್ ಸದಸ್ಯರನ್ನು ಹತ್ತು ಹನ್ನೆರಡು ಮಂದಿಯಂತೆ ಗುಂಪು ಗುಂಪಾಗಿ ಕರೆಯುತ್ತಿದ್ದ. ವಿರೋಧ ಪಕ್ಷದವರಾಗಿದ್ದರೂ ಆ ವೈನನ್ನು ಮಾತ್ರ ಹೊಗಳದೆ ಹೋದವರು ಕಮ್ಮಿ.

ಆದರೆ ಮುಕ್ತವಾಗಿ ಮಾತಾಡೋದಕ್ಕೆ ಆತನಿಗೆ ಒಂದು ಅಡ್ಡಿ ಕಂಡಿತ್ತು: ಕುರ್ಚಿಯ ಹಿಂದೆ ನಿಲ್ಲುವ ಆಳುಗಳು. ಅವರಿಗೆ ಕಿವಿ ಇದೆ, ಕೇಳಿದ್ದನ್ನು ಹೊರಗೆ ಅರ್ಧಂಬರ್ಧ ಹೇಳುತ್ತಾರೆ, ಅದರಿಂದ ಮನಸ್ತಾಪ ಬೆಳೆಯುತ್ತದೆ ಅಂತ ಆತನ ನಂಬಿಕೆ. ಇದಕ್ಕೆ ಪ್ಯಾರಿಸ್ಸಿನಲ್ಲಿ ನೋಡಿದ್ದ ಒಂದು ಉಪಾಯ ಬಳಸಿದ. ಚಕ್ರವಿರುವ ಪುಟ್ಟ ಅಡ್ಡೆಗಳು, ಇಂಗ್ಲಿಷಿನಲ್ಲಿ ಡಂಬ್‌ವೇಟರ್, ಅಂದರೆ ಮೂಕ ಆಳು. ಗುಟ್ಟಿನ ಊಟವಿದ್ದಾಗ ಒಬ್ಬೊಬ್ಬ ಅತಿಥಿಯ ಪಕ್ಕ ಒಂದೊಂದು ನಿಲ್ಲಿಸಿ, ಅದರಲ್ಲಿ ತಟ್ಟೆ, ಚಮಚ, ತಿಂಡಿ ಎಲ್ಲ ಮೊದಲೇ ಇಡಿಸುತ್ತಿದ್ದ. ಬೇಕಾದ್ದನ್ನು ಅತಿಥಿಗಳೇ ತೆಗೆದುಕೊಳ್ಳಬೇಕು, ಬಡಿಸೋದಕ್ಕೆ ಯಾರೂ ಬರುವುದಿಲ್ಲ.

ಮಾಂಟಿಚೆಲ್ಲೊದ ಊಟದ ಕೋಣೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಂಕಿಗೂಡಿನ ಎರಡೂ ಪಕ್ಕಗಳಲ್ಲಿ ಪುಟ್ಟ ಬಾಗಿಲು. ತೆರೆದರೆ ಒಳಗೆ, ರಾಟೆಯ ಮೇಲೆ ಏರಿಳಿಯುವ ಕಿರಿದಾದ ಪೆಟ್ಟಿಗೆ. ಕೆಳಗೆ ನೇರವಾಗಿ ವೈನ್ ನೆಲಮಾಳಿಗೆ. ಖಾಲಿ ಬಾಟಲಿ ಒಳಗಿಟ್ಟು ಕಳಿಸಿದರೆ ತುಂಬಿದ ಬಾಟಲಿ ಮೇಲೆ ಬರುತ್ತದೆ. ಇನ್ನೊಂದು ಕಡೆ ತಿರುಗುವ ಬಾಗಿಲು, ಹಿಂಬದಿಗೆ ಅಟ್ಟಣಿಗೆಗಳು. ಆಚೆಯಿಂದ ಅಡುಗೆ ಇಟ್ಟು ತಿರುಗಿಸಿದರೆ ಈಚೆಗೆ ಬರುತ್ತದೆ. ಊಟ ಮುಗಿಸಿ ಮೇಜಿನ ಹಾಸು ತೆಗೆದ ಮೇಲೆ ಗ್ಲಾಸುಗಳು ಬರುತ್ತಿದ್ದವು, ಬಾಟಲಿ ಕೈಯಿಂದ ಕೈಗೆ ದಾಟುತ್ತಿತ್ತು, ತಂತಮ್ಮ ಗ್ಲಾಸನ್ನು ತಾವೇ ತುಂಬಿಕೊಂಡು ಗಂಟೆಗಟ್ಟಲೆ ಮಾತು. ಬಂದವರೆಲ್ಲ ಬೆರಗಾಗಿ ಬರೆದಿದ್ದಾರೆ, ಎಂಥ ಸರಳ ಮನುಷ್ಯ, ಆಳುಗಳ ಗದ್ದಲವೇ ಇಲ್ಲ ಅಂತ.

ಪೆಟ್ಟಿಗೆ ತಾನಾಗಿ ತುಂಬಿಕೊಳ್ಳುತ್ತಿರಲಿಲ್ಲ. ಕೆಳಗೆ ಕತ್ತಲಲ್ಲಿ ಒಬ್ಬ ನಿಂತು ಖಾಲಿ ಬಾಟಲಿಗಾಗಿ ಕಾಯಬೇಕಿತ್ತು. ಹಳೆಯ ಮೇಜಿನಲ್ಲಿ ಆಳು ಎದುರಿಗೆ ಕಾಣುತ್ತಿದ್ದ, ಕಣ್ಣಿಗೆ ಕಣ್ಣು ಸಿಗುತ್ತಿತ್ತು. ದುಂಡು ಮೇಜಿನಲ್ಲಿ ಆತ ಗೋಡೆಯೊಳಗೆ ಹೋದ. ಸಮಾನರ ಮೇಜು ಸಮಾನರ ಮೇಜಾಗಿ ಕಾಣಬೇಕಾದರೆ ಸಮಾನರಲ್ಲದವರು ಅಲ್ಲಿ ಕಾಣಬಾರದು. ಆ್ಯಪ್ ಒತ್ತಿ ಬಾಗಿಲಿಗೆ ಊಟ ತರಿಸಿಕೊಂಡು, ತಂದವರ ಮುಖ ನೋಡದೆ ಬಾಗಿಲು ಹಾಕಿಕೊಳ್ಳುವ ನಾವು ಈ ಯಂತ್ರವನ್ನು ನೋಡಿ ತೀರಾ ಆಶ್ಚರ್ಯಪಡಬೇಕಾಗಿಲ್ಲ.

ಮೇಲೆ ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದ, ಬೀಗದ ಕೈ ಇಟ್ಟುಕೊಂಡಿದ್ದ ಮುಖ್ಯ ಆಳು ಬರ್ವೆಲ್ ಕೊಲ್ಬರ್ಟ್, ಜೇಮ್ಸ್‌ನ ಅಕ್ಕನ ಮಗ. ಅಡುಗೆಮನೆಯಲ್ಲಿ ಈಡಿತ್ ಫಾಸೆಟ್. ಆಕೆಯನ್ನು 1802ರಲ್ಲಿ, ಹದಿನೈದರ ವಯಸ್ಸಿನಲ್ಲಿ ವಾಷಿಂಗ್ಟನ್ನಿಗೆ ಕರೆದೊಯ್ದು ಜೂಲಿಯನ್ ಕೈಕೆಳಗೆ ಫ್ರೆಂಚ್ ಅಡುಗೆ ಕಲಿಸಲಾಯಿತು. ಮೆರಿ ಸಿಟ್ಟಾದ ಆ ಔತಣದ ದಿನಗಳಲ್ಲಿ ಆಕೆ ಇದ್ದದ್ದು ಅದೇ ಅಡುಗೆಕೋಣೆಯಲ್ಲಿ. ತಿಂಗಳಿಗೆ ಎರಡು ಡಾಲರ್ ಭಕ್ಷೀಸು. ಗಂಡ ಜೋ ಫಾಸೆಟ್ ಮಾಂಟಿಚೆಲ್ಲೊದ ಕಮ್ಮಾರ. 1806ರಲ್ಲಿ ಆತ ಹೇಳದೆ ಕೇಳದೆ ಹೆಂಡತಿಯನ್ನು ನೋಡೋದಕ್ಕೆ ವಾಷಿಂಗ್ಟನ್ನಿಗೆ ಹೊರಟುಬಿಟ್ಟ. ಜೆಫರ್ಸನ್ ಹಿಂದೆಯೇ ಜನ ಬಿಟ್ಟು ಹಿಡಿಸಿದ. ಅಧ್ಯಕ್ಷರ ಮನೆಯ ಆವರಣದಿಂದ ಹೊರಬರುವಾಗ ಸಿಕ್ಕಿಬಿದ್ದ.

ಸಾಲ

1809ರಲ್ಲಿ ಜೆಫರ್ಸನ್ ಮಾಂಟಿಚೆಲ್ಲೊಗೆ ಮರಳಿದ. ಸಾಲ ಬೆಳೆಯುತ್ತಲೇ ಇತ್ತು, ಅತಿಥಿಗಳು ಬರುತ್ತಲೇ ಇದ್ದರು. ದುಬಾರಿ ಬೋರ್ಡೋ ಬಿಟ್ಟು ದಕ್ಷಿಣ ಫ್ರಾನ್ಸಿನ ಅಗ್ಗದ ವೈನ್‌ಗಳಿಗೆ ಇಳಿದ, ಅವನ್ನೂ ಸಾಲದಲ್ಲೇ ತರಿಸಿದ. ವೈನಿನ ಮೇಲಿನ ಸುಂಕ ಇಳಿಸಬೇಕು ಅಂತ ಮುಪ್ಪಿನಲ್ಲೂ ವಾದಿಸಿದ: ವೈನ್ ತುಟ್ಟಿಯಾದರೆ ಬಡವರು ವಿಸ್ಕಿಗೆ ಬೀಳುತ್ತಾರೆ, ಮನೆ ಹಾಳಾಗುತ್ತದೆ ಅಂತ. ವಾದ ಒಪ್ಪುವಂಥದ್ದೇ, ಆದರೆ 1802ರಲ್ಲಿ ವಿಸ್ಕಿ ಮೇಲಿನ ತೆರಿಗೆ ತೆಗೆದು ಹಾಕಿದ್ದು ಇದೇ ಜೆಫರ್ಸನ್ ಸರ್ಕಾರ, ಆ ತೆರಿಗೆ ವಿರೋಧಿಸುತ್ತಿದ್ದ ಗಡಿನಾಡಿನ ರೈತರ ವೋಟು ಆತನ ಪಕ್ಷದ್ದು. ಸ್ವತಃ ಮಿತವಾಗಿಯೇ ಕುಡಿಯುತ್ತಿದ್ದ, ಊಟಕ್ಕೆ ಮೂರು ನಾಲ್ಕು ಪುಟ್ಟ ಗ್ಲಾಸು ತೆಳು ವೈನ್, ಅಷ್ಟೇ.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ 50 ತುಂಬಿದ ದಿನವೇ ತೀರಿಕೊಂಡ. ಕೊನೆಯ ಗಂಟೆಗಳಲ್ಲಿ ಏನೋ ಬೇಕು ಅಂತ ಸನ್ನೆ ಮಾಡಿದಾಗ ಮಂಚದ ಸುತ್ತ ಇದ್ದ ಮನೆಯವರಿಗೆ ಅರ್ಥವಾಗಲಿಲ್ಲ. ಬರ್ವೆಲ್ ಕೊಲ್ಬರ್ಟ್‌ಗೆ ಅರ್ಥವಾಯಿತು, ದಿಂಬು ಎತ್ತರಿಸಿದ.

ಉಳಿದದ್ದು 1,07,000 ಡಾಲರ್ ಸಾಲ. ಉಯಿಲಿನಲ್ಲಿ ಬಿಡುಗಡೆ ಸಿಕ್ಕಿದ್ದು ಐವರಿಗೆ, ಎಲ್ಲರೂ ಗಂಡಸರು: ಬರ್ವೆಲ್, ಮರಗೆಲಸದ ಜಾನ್ ಹೆಮಿಂಗ್ಸ್, ಜೋ ಫಾಸೆಟ್, ಮತ್ತು ಸ್ಯಾಲಿಯ ಇಬ್ಬರು ಮಕ್ಕಳು. 1827ರ ಜನವರಿಯ ಚಳಿಯಲ್ಲಿ ಮಾಂಟಿಚೆಲ್ಲೊದಲ್ಲಿ ಹರಾಜು ನಡೆಯಿತು. ಪೀಠೋಪಕರಣ, ದನಕರು, ಬೇಸಾಯದ ಸಾಮಾನು, ಜೊತೆಗೆ 130 ಮನುಷ್ಯರು. ಈಡಿತ್ ಮತ್ತು ಆಕೆಯ ಮಕ್ಕಳು ಬೇರೆ ಬೇರೆ ಕೈಗಳಿಗೆ ಹೋದರು. ಉಯಿಲಿನ ಪ್ರಕಾರ ಜೋಗೆ ಬಿಡುಗಡೆ ಸಿಗಬೇಕಿದ್ದದ್ದು ಅದೇ ವರ್ಷದ ಜುಲೈನಲ್ಲಿ. ಹೆಂಡತಿ ಮಕ್ಕಳ ಹರಾಜಿನ ಹೊತ್ತಿಗೆ ಆತ ಇನ್ನೂ ಗುಲಾಮನೇ.

ಜೆಫರ್ಸನ್ ಹೆಸರಿನ ಬೆಲೆ ಮಾತ್ರ ಏರುತ್ತಲೇ ಹೋಯಿತು. 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಫೀತ್ ಅನ್ನಲಾದ, ಆತನ ಹೆಸರಿನ ಮೊದಲಕ್ಷರ ಕೊರೆದ ಒಂದು ಬಾಟಲಿ 1,05,000 ಪೌಂಡಿಗೆ ಹೋಯಿತು. ಕೊಂಡದ್ದು ಅಮೆರಿಕದ ಫೋರ್ಬ್ಸ್ ಕುಟುಂಬ. ಪ್ರದರ್ಶನಕ್ಕಿಟ್ಟಾಗ ದೀಪದ ಬಿಸಿಗೆ ಬಿರಡೆ ಒಣಗಿ ಬಾಟಲಿಯೊಳಗೆ ಬಿತ್ತು. ಅದೇ ಮೂಲದಿಂದ ಬಂದ ಬಾಟಲಿಗಳನ್ನು ಕೊಂಡ ಇನ್ನೊಬ್ಬ ಕೋಟ್ಯಧೀಶ ಬಿಲ್ ಕೋಕ್ ತನಿಖೆ ಮಾಡಿಸಿದಾಗ, ಆ ಅಕ್ಷರಗಳನ್ನು ಕೊರೆದದ್ದು ವಿದ್ಯುತ್ ಉಪಕರಣದಿಂದ ಅಂತ ತಜ್ಞರು ಹೇಳಿದರು. 1787ರಲ್ಲಿ ಎಲ್ಲಿಯ ವಿದ್ಯುತ್ತು!

ಜೋ ಫಾಸೆಟ್ ಬಿಡುಗಡೆಯಾದ ಮೇಲೆ ಕಮ್ಮಾರಿಕೆ ಮಾಡಿ ದುಡಿದ ದುಡ್ಡಿನಲ್ಲಿ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಮರಳಿ ಕೊಂಡು, ಓಹಾಯೋದ ಸಿನ್ಸಿನಾಟಿಗೆ ಹೋಗಿ ನೆಲೆಸಿದ. ಹರಾಜಾದಾಗ 11 ವರ್ಷದವನಾಗಿದ್ದ ಮಗ ಪೀಟರ್ ಮಾತ್ರ ಸಿಗಲಿಲ್ಲ. ಕೊಂಡವನು ಮಾರಲು ಒಪ್ಪಲಿಲ್ಲ. ಪೀಟರ್‌ಗೆ ಬಿಡುಗಡೆ ಸಿಕ್ಕಿದ್ದು 1850ರಲ್ಲಿ, ಬಂಧುಬಳಗ ದುಡ್ಡು ಕೂಡಿಸಿದ ಮೇಲೆ. ಸಿನ್ಸಿನಾಟಿಯಲ್ಲಿ ಆತ ಔತಣಗಳಿಗೆ ಅಡುಗೆ ಒದಗಿಸುವ ಕೇಟರಿಂಗ್ ಹಿಡಿದ. ಅಮ್ಮ ಅಧ್ಯಕ್ಷರ ಮನೆಯಲ್ಲಿ ಕಲಿತ ಕಸುಬು, ಈಗ ಕೂಲಿ ಹೇಳುವವನು ತಾನೇ. ಜೊತೆಗೆ ಬ್ಯಾಪ್ಟಿಸ್ಟ್ ಚರ್ಚೊಂದರ ಪಾದ್ರಿಯೂ ಆದ. 1900ರಲ್ಲಿ, 85ರ ವಯಸ್ಸಿನಲ್ಲಿ, ಪೀಟರ್ ಫಾಸೆಟ್ ಇನ್ನೊಂದು ಸಲ ಮಾಂಟಿಚೆಲ್ಲೊ ಗುಡ್ಡ ಹತ್ತಿ ಹೋಗಿ ಆ ಮನೆಯನ್ನು ನೋಡಿ ಬಂದ.